ಬೆಟ್ಟ ಎಷ್ಟು ಎತ್ತರ ಎನ್ನುವುದಕ್ಕಿಂತ ಎಷ್ಟು ಹತ್ತಿರ: ಅಮೆರಿಕದ ಊರುಗಳಿಗೆ ಹೊಸದಾಗಿ ಬಂದವರಿಗೆ

ಕೆಲಸ ಸಿಕ್ಕಿ ಅಮೆರಿಕಕ್ಕೆ ಹೊರಟಾಗ ಮನೆಯಲ್ಲಿ ನಡೆಯುವ ಮಾತುಗಳು ನಮಗೆಲ್ಲ ಗೊತ್ತು. ಬಾಡಿಗೆ ಎಷ್ಟು, ಶಾಲೆ ಹೇಗೆ, ದೇವಸ್ಥಾನ ಎಷ್ಟು ದೂರ, ಸೋನಾಮಸೂರಿ ಸಿಗುವ ಅಂಗಡಿ ಇದೆಯೇ. ಆ ಪಟ್ಟಿಯಲ್ಲಿ ಇರದ ಪ್ರಶ್ನೆಯೊಂದು ಕೆಲವು ತಿಂಗಳ ಬಳಿಕ, ಸಾಮಾನ್ಯವಾಗಿ ಯಾವುದೋ ಭಾನುವಾರ ಮಧ್ಯಾಹ್ನ, ಎದ್ದು ಕೂರುತ್ತದೆ: ಈ ಊರಿನಲ್ಲಿ ಮನೆಯಿಂದ ಹೊರಗೆ ಹೋಗುವುದಾದರೂ ಎಲ್ಲಿಗೆ? ಅಲ್ಲಿ ಸಂಜೆಯಾದರೆ ಕೆರೆ ಏರಿಯ ಮೇಲೆ ನಡೆದು ಬರುತ್ತಿದ್ದವರು ಇಲ್ಲಿ ಮಾಲ್‌ಗಳಲ್ಲಿ ಸುತ್ತಿ ವಾರಾಂತ್ಯ ಕಳೆಯುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಾನೀಗ ಶಿಕಾಗೋ ಸೀಮೆಯಲ್ಲಿದ್ದೇನೆ. ಮೊದಲು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ, ಆಮೇಲೆ ಸಿಯಾಟಲ್‌ನಲ್ಲಿ ಸಂಸಾರ ಮಾಡಿದವಳು. ನಮ್ಮ ಕನ್ನಡ ಕೂಟಕ್ಕೆ ಬರುವ ಹಲವು ಕುಟುಂಬಗಳು ಎರಡು ಮೂರು ವರ್ಷಗಳಲ್ಲಿ ಮತ್ತೊಂದು ಊರಿಗೆ ಗಂಟುಮೂಟೆ ಕಟ್ಟುತ್ತವೆ. ಆದ್ದರಿಂದ ಬೇರೆ ಊರುಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಎಲ್ಲಕ್ಕೂ ಮೊದಲು ಒಂದು ಮಾತು. ಚಿತ್ರದಲ್ಲಿ ಕಾಣುವ ಹಿಮಪರ್ವತವನ್ನು ನೋಡಿ ಊರಿಗೆ ಬೆಲೆ ಕಟ್ಟಬೇಡಿ. ಬುಧವಾರ ಸಂಜೆ, ಕೆಲಸ, ಅಡುಗೆ, ಮಕ್ಕಳ ಹೋಂವರ್ಕ್ ಮುಗಿಸಿ ಉಳಿಯುವ ಒಂದು ಗಂಟೆಯಲ್ಲಿ ಎಲ್ಲಿಗೆ ಹೋಗಬಹುದು ಎಂದು ಕೇಳಿಕೊಳ್ಳಿ. ತಳ್ಳುಗಾಡಿಯಲ್ಲಿ ಮಗು, ಜೊತೆಗೆ ಮೊಣಕಾಲು ನೋವಿನ ಅತ್ತೆ. ಬಂದ ಹೊಸತರಲ್ಲಿ ಕಾರೂ ಇರುವುದಿಲ್ಲ, ಲೈಸೆನ್ಸೂ ಇರುವುದಿಲ್ಲ. ಈ ಲೆಕ್ಕ ಹಾಕಿದರೆ ಊರುಗಳ ಸಾಲು ಬೇರೆಯೇ ಆಗುತ್ತದೆ.

ಶಿಕಾಗೋ: ಬಯಲು ಎಂದು ಕೈಬಿಡಬೇಡಿ

ಸಿಯಾಟಲ್ ಬಿಟ್ಟು ಇಲ್ಲಿಗೆ ಬರುವಾಗ ನನಗೂ ಬೇಸರವಿತ್ತು. ಇಲ್ಲಿ ಬೆಟ್ಟವಿಲ್ಲ. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳ. ಆದರೆ ಪೂರ್ವಕ್ಕೆ ಮಿಷಿಗನ್ ಸರೋವರವಿದೆ. ಅದರ ದಡದುದ್ದಕ್ಕೂ 18 ಮೈಲಿಯ ಹಾದಿಯಿದೆ, ನಡೆಯುವವರಿಗೆ ಒಂದು, ಸೈಕಲ್‌ನವರಿಗೆ ಇನ್ನೊಂದು. ಡೇನಿಯಲ್ ಬರ್ನ್‌ಹ್ಯಾಮ್ ಮತ್ತು ಎಡ್ವರ್ಡ್ ಬೆನೆಟ್ 1909ರಲ್ಲಿ ರೂಪಿಸಿದ ನಗರ ಯೋಜನೆ, ದಡ ಜನರ ಸ್ವತ್ತಾಗಿಯೇ ಇರಬೇಕು ಎಂದು ಪಟ್ಟುಹಿಡಿದಿತ್ತು. ಇವತ್ತಿಗೂ ದಡದ ಬಹುಭಾಗ ಸಾರ್ವಜನಿಕ ಉದ್ಯಾನವೇ. ಟಿಕೆಟ್ ಇಲ್ಲ, ಬಸ್ಸಿನಲ್ಲಿ ಹೋಗಬಹುದು.

ಅಮ್ಮ ಮೊದಲ ಸಲ ಬಂದಾಗ ಮಾಂಟ್ರೋಸ್ ದಡಕ್ಕೆ ಕರೆದೊಯ್ದಿದ್ದೆ. ಅವರು ಹುಟ್ಟಿ ಬೆಳೆದದ್ದು ಕುಂದಾಪುರದ ಕಡಲ ಬದಿಯಲ್ಲಿ. ಅಲೆ ಕಂಡವರೇ ಚಪ್ಪಲಿ ಬಿಟ್ಟು, ನೆರಿಗೆ ಎತ್ತಿ ಹಿಡಿದು ನೀರಿಗಿಳಿದರು. ಬಾಗಿ ಎರಡು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಮತ್ತೊಮ್ಮೆ ಅದ್ದಿದರು. “ಉಪ್ಪೇ ಇಲ್ಲವಲ್ಲೇ!” ಎಂದು ನನ್ನತ್ತ ತಿರುಗಿದರು. ಆಚೆ ದಡ ಕಾಣದಷ್ಟು ದೊಡ್ಡ ನೀರು ಸಿಹಿನೀರು ಎಂಬುದನ್ನು ಅವರ ಮನಸ್ಸು ಒಪ್ಪಲು ಎರಡು ದಿನ ಹಿಡಿಯಿತು. ಆಮೇಲೆ ಅವರಿದ್ದ ಆರು ತಿಂಗಳೂ ವಾರಕ್ಕೆರಡು ಸಂಜೆ ಅಲ್ಲಿಗೇ ಹೋಗಬೇಕು.

ಅದೇ ಮಾಂಟ್ರೋಸ್‌ನಲ್ಲಿ ಹಕ್ಕಿಧಾಮವೂ ಇದೆ. ಅಲ್ಲಿ ಈವರೆಗೆ 300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಿದ್ದಾರೆ. ಮೇ ತಿಂಗಳಿನಲ್ಲಿ ಉತ್ತರಕ್ಕೆ ವಲಸೆ ಹೊರಟ ಪುಟ್ಟ ಹಕ್ಕಿಗಳು ದಣಿದು ಪೊದೆಗಳಲ್ಲಿ ಇಳಿಯುತ್ತವೆ. ಬೆಳಿಗ್ಗೆ ಬೇಗ ಹೋಗಿ ಸುಮ್ಮನೆ ನಿಂತರೆ ಸಾಕು, ಕೈಚಾಚುವ ದೂರದಲ್ಲೇ ಕಾಣುತ್ತವೆ.

ಉಪನಗರಗಳಲ್ಲಿ ಮನೆ ಮಾಡಿದವರಿಗೆ ದಡ ದೂರವಾಗುತ್ತದೆ, ನಿಜ. ಅರೋರಾ, ವೀಟನ್ ಕಡೆಯವರು ಇಲಿನಾಯ್ ಪ್ರೇರಿ ಪಾತ್ ಹುಡುಕಿಕೊಳ್ಳಿ. ರೈಲು ನಿಂತುಹೋದ ಹಳೆಯ ಹಳಿದಾರಿಯನ್ನು ಕಾಲುಹಾದಿ ಮಾಡೋಣ ಎಂದು ಮೇ ಥೀಲ್‌ಗಾರ್ಡ್ ವಾಟ್ಸ್ ಎಂಬ ಸಸ್ಯಪ್ರೇಮಿ 1963ರಲ್ಲಿ ಪತ್ರಿಕೆಗೆ ಪತ್ರ ಬರೆದರು. ಆ ಪತ್ರದಿಂದ ಶುರುವಾದ ಹಾದಿ ಇಂದು ಸುಮಾರು 60 ಮೈಲಿ ಉದ್ದವಿದೆ. ರೈಲಿಗೆಂದು ಮಾಡಿದ ದಾರಿಯಾದ್ದರಿಂದ ಏರಿಳಿತವಿಲ್ಲ. ಮೊಣಕಾಲು ನೋವಿನವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮರಳುದಿಬ್ಬ ನೋಡಬೇಕೆಂದರೆ ಇಂಡಿಯಾನಾ ಡ್ಯೂನ್ಸ್. 2019ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಪೇಟೆಯಿಂದ ಸೌತ್ ಶೋರ್ ರೈಲು ಹತ್ತಿ, ಕಾರಿಲ್ಲದೆಯೂ ಹೋಗಿಬರಬಹುದು. ಜನವರಿಯಲ್ಲಿ ಎಲ್ಲವೂ ಬೋಳಾಗಿ ಮನಸ್ಸು ಮುದುಡಿದಾಗ ಗಾರ್‌ಫೀಲ್ಡ್ ಪಾರ್ಕ್‌ನ ಗಾಜಿನ ಸಸ್ಯಾಗಾರಕ್ಕೆ ಹೋಗಿ. ಗ್ರೀನ್ ಲೈನ್ ರೈಲು ಬಾಗಿಲ ಬಳಿಯೇ ಇಳಿಸುತ್ತದೆ. ಒಳಗೆ ಕಾಲಿಟ್ಟೊಡನೆ ಬೆಚ್ಚಗಿನ ಗಾಳಿ, ಒದ್ದೆ ಮಣ್ಣಿನ ವಾಸನೆ, ತಾಳೆ ಜಾತಿಯ ಮರಗಳು, ಜರೀಗಿಡಗಳು. ಕನ್ನಡಕದ ಮೇಲೆ ಆವಿ ಕೂರುತ್ತದೆ. ಅಡಿಕೆ ತೋಟದಲ್ಲಿ ಬೆಳೆದವರು ಅಲ್ಲಿ ಬೆಂಚಿನ ಮೇಲೆ ಮಾತಿಲ್ಲದೆ ಕುಳಿತಿರುವುದನ್ನು ನಾನು ನೋಡಿದ್ದೇನೆ.

ಒಂದು ಎಚ್ಚರಿಕೆ. ಸರೋವರ ಎಂಬ ಹೆಸರು ಕೇಳಿ ಕೆರೆ ಎಂದುಕೊಳ್ಳಬೇಡಿ. ಇದರಲ್ಲಿ ಸೆಳೆತ ಕಡಲಿನಂತೆಯೇ ಇರುತ್ತದೆ. ಕೆಂಪು ಬಾವುಟ ಇದ್ದ ದಿನ ನೀರಿಗೆ ಕಾಲಿಡಬೇಡಿ. ಚಳಿಗಾಲದಲ್ಲಿ ದಡದ ಕಾಂಕ್ರೀಟ್ ಮೆಟ್ಟಿಲುಗಳ ಮೇಲೆ ಹಿಮಗಟ್ಟಿರುತ್ತದೆ, ಫೋಟೋ ತೆಗೆಯಲು ಅಂಚಿಗೆ ಹೋಗಬೇಡಿ.

ಪಶ್ಚಿಮದ ಕರಾವಳಿ

ಸಿಯಾಟಲ್ ಎಂದರೆ ಬರೀ ಮಳೆ ಎಂದು ಹೆದರಿಸುತ್ತಾರೆ. ವರ್ಷದ ಒಟ್ಟು ಮಳೆ ಸರಿಸುಮಾರು ಬೆಂಗಳೂರಿನಷ್ಟೇ. ಆದರೆ ಬೆಂಗಳೂರಿನ ಮಳೆ ಒಂದು ಗಂಟೆ ಹೊಯ್ದು ನಿಲ್ಲುತ್ತದೆ, ಅಲ್ಲಿಯದು ಅಕ್ಟೋಬರ್‌ನಿಂದ ತುಂತುರು ತುಂತುರಾಗಿ ತಿಂಗಳುಗಟ್ಟಲೆ ಜಿನುಗುತ್ತದೆ. ನಿಜವಾಗಿ ಕುಗ್ಗಿಸುವುದು ಮಳೆಯಲ್ಲ, ಬೆಳಕು. ಡಿಸೆಂಬರ್‌ನಲ್ಲಿ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ. ಕೊಡೆ ಬದಿಗಿಟ್ಟು ಒಳ್ಳೆಯ ಮಳೆ ಜಾಕೆಟ್ ಕೊಳ್ಳಿ, ಮಧ್ಯಾಹ್ನವೇ ಹೊರಗೆ ಹೋಗಿ. ಊರೊಳಗಿನ 534 ಎಕರೆಯ ಡಿಸ್ಕವರಿ ಪಾರ್ಕ್‌ನಲ್ಲಿ ಕಾಡು, ಬಯಲು, ಕಡಲ ದಂಡೆ ಮೂರೂ ಇವೆ. ಬೇನ್‌ಬ್ರಿಜ್ ದ್ವೀಪಕ್ಕೆ ಹೋಗುವ ದೋಣಿಗೆ ಕಾರಿಲ್ಲದೆ ನಡೆದೇ ಹತ್ತಬಹುದು, 35 ನಿಮಿಷದ ಪಯಣ. ಸ್ನೋಕ್ವಾಲ್ಮಿ ಜಲಪಾತದ ಎತ್ತರ 268 ಅಡಿ, ನಮ್ಮ ಜೋಗದ ಮೂರನೇ ಒಂದು ಭಾಗ. ನೋಡುವ ಕಟ್ಟೆ ರಸ್ತೆಯ ಪಕ್ಕದಲ್ಲೇ ಇರುವುದರಿಂದ ಹಿರಿಯರಿಗೆ ಸುಲಭ. 14,410 ಅಡಿಯ ರೇನಿಯರ್ ಪರ್ವತಕ್ಕೆ ಜೂನ್‌ನಲ್ಲಿ ಹೊರಡುವವರಿಗೆ ನೆನಪಿರಲಿ, ಮೇಲಿನ ಪ್ಯಾರಡೈಸ್ ಬಯಲಿನಲ್ಲಿ ಆಗಲೂ ಹಿಮವಿರುತ್ತದೆ. ನನ್ನ ಮಗ ಅಲ್ಲಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದು, ಕಾಲು ಮರಗಟ್ಟಿ ಅತ್ತ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕಡೆ ಋತುಗಳ ಲೆಕ್ಕ ತಲೆಕೆಳಗು. ಮಳೆ ಚಳಿಗಾಲದಲ್ಲಿ. ಫೆಬ್ರವರಿಯಲ್ಲಿ ಗುಡ್ಡಗಳು ಕುದುರೆಮುಖದಂತೆ ಹಸಿರು, ಜುಲೈಗೆ ಒಣಹುಲ್ಲಿನ ಬಣ್ಣ. ಅದೇ ಜುಲೈನಲ್ಲಿ ನಗರದೊಳಗೆ ಮಂಜು ಕವಿದು ಸ್ವೆಟರ್ ಬೇಕಾಗುತ್ತದೆ. ಹತ್ತಿರದ ಲೆಕ್ಕದಲ್ಲಿ ಈ ಸೀಮೆಗೆ ಸಾಟಿಯಿಲ್ಲ. ಈಸ್ಟ್ ಬೇ ಪ್ರಾದೇಶಿಕ ಉದ್ಯಾನಗಳ ಸಂಸ್ಥೆ 1934ರಿಂದ ಗುಡ್ಡ ಗುಡ್ಡಗಳನ್ನೇ ಕಾಯ್ದುಕೊಂಡು ಬಂದಿದೆ. ಫ್ರೀಮಾಂಟ್‌ನ ಮಿಷನ್ ಪೀಕ್ 2,517 ಅಡಿ. ದಾರಿಯಲ್ಲಿ ನೆರಳೇ ಇಲ್ಲ, ಸೂರ್ಯ ಹುಟ್ಟುವ ಮೊದಲೇ ಹೊರಡಿ. ರೆಡ್‌ವುಡ್ ಮರಗಳ ಮ್ಯೂರ್ ವುಡ್ಸ್‌ಗೆ ವಾಹನ ನಿಲುಗಡೆಯನ್ನು ಮುಂಗಡ ಕಾಯ್ದಿರಿಸದೆ ಹೋದರೆ ವಾಪಸ್ ಬರಬೇಕಾಗುತ್ತದೆ. ಪಾಯ್ಸನ್ ಓಕ್ ಎಂಬ ಗಿಡವನ್ನು ಮಕ್ಕಳಿಗೆ ತೋರಿಸಿಕೊಡಿ. ಬಿಲ್ವದ ಹಾಗೆ ಮೂರು ಮೂರು ಎಲೆ, ಮುಟ್ಟಿದರೆ ವಾರಗಟ್ಟಲೆ ತುರಿಕೆ.

ಲಾಸ್ ಏಂಜಲೀಸ್‌ನಲ್ಲಿ ಬೆಟ್ಟವೂ ಕಡಲೂ ಇವೆ, ನಡುವೆ ವಾಹನಗಳ ಸಾಲೂ ಇದೆ. 4,200 ಎಕರೆಗೂ ಮೀರಿದ ಗ್ರಿಫಿತ್ ಪಾರ್ಕ್ ಊರೊಳಗೇ ಇರುವುದು ದೊಡ್ಡ ಪುಣ್ಯ. ಕಾಳ್ಗಿಚ್ಚಿನ ಎಚ್ಚರಿಕೆ ಇರುವ ದಿನ ಬೆಟ್ಟದ ಹಾದಿಗಳ ಕಡೆ ಹೋಗಬೇಡಿ.

ಎತ್ತರ, ಬಿಸಿಲು, ಬಯಲು

ಡೆನ್ವರ್ ನಿಂತಿರುವುದೇ 5,280 ಅಡಿ ಎತ್ತರದಲ್ಲಿ, ಅಂದರೆ ನಂದಿಬೆಟ್ಟದ ನೆತ್ತಿಗಿಂತ ಮೇಲೆ. ಅಲ್ಲಿಂದ ರಾಕಿ ಪರ್ವತ ಉದ್ಯಾನದ ಟ್ರೇಲ್ ರಿಜ್ ರಸ್ತೆಯಲ್ಲಿ ಹೋದರೆ ಕಾರು 12,183 ಅಡಿಯವರೆಗೆ ಏರುತ್ತದೆ, ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು. ಬಂದಿಳಿದ ವಾರವೇ ಹೋಗಬೇಡಿ. ತಲೆನೋವು, ವಾಕರಿಕೆ ಶುರುವಾದರೆ ಔಷಧಿ ಹುಡುಕುತ್ತ ಕೂರದೆ ಕೆಳಗಿಳಿಯಿರಿ. ಬೇಸಿಗೆಯಲ್ಲಿ ಮಧ್ಯಾಹ್ನ ಗುಡುಗು ಸಿಡಿಲು ಅಲ್ಲಿ ದಿನಚರಿಯಿದ್ದಂತೆ. ಹನ್ನೆರಡರೊಳಗೆ ಮರಗಳಿಲ್ಲದ ಎತ್ತರದಿಂದ ಇಳಿದಿರಬೇಕು. ನೋಟದ ಸೊಬಗಿನಲ್ಲಿ ನನ್ನ ಮಟ್ಟಿಗೆ ಡೆನ್ವರ್ ಮೊದಲು, ಆದರೆ ಹೃದಯದ ತೊಂದರೆ ಇರುವ ಹಿರಿಯರನ್ನು ಕರೆಸಿಕೊಳ್ಳುವವರು ವೈದ್ಯರನ್ನು ಕೇಳಿಯೇ ಮೇಲಕ್ಕೆ ಕರೆದೊಯ್ಯಬೇಕು.

ಫೀನಿಕ್ಸ್‌ನಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಸ್ವರ್ಗ. 16,000 ಎಕರೆಗೂ ಹೆಚ್ಚಿನ ಸೌತ್ ಮೌಂಟನ್ ಉದ್ಯಾನ ನಗರಸಭೆಯದೇ. ಬೇಸಿಗೆ ಮಾತ್ರ ನಮ್ಮ ರಾಯಚೂರನ್ನೂ ಮೀರಿಸುತ್ತದೆ. 2023ರಲ್ಲಿ ಸತತ 31 ದಿನ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. “ನಾವು ಬಿಸಿಲಿಗೆ ಹೊಂದಿಕೊಂಡವರು” ಎಂಬ ಧೈರ್ಯ ಅಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ತೀವ್ರ ಬಿಸಿಲಿನ ಎಚ್ಚರಿಕೆ ಇರುವ ದಿನ ಕ್ಯಾಮಲ್‌ಬ್ಯಾಕ್ ಬೆಟ್ಟದ ಹಾದಿಯನ್ನು ಹಗಲಿನಲ್ಲಿ ಮುಚ್ಚಿಬಿಡುತ್ತಾರೆ.

ಟೆಕ್ಸಸ್‌ನಲ್ಲಿ ಬಹುಪಾಲು ಭೂಮಿ ಖಾಸಗಿಯದು. ಬೇಲಿ ದಾಟಬೇಡಿ. ಅಲ್ಲಿ ಹೊರಾಂಗಣ ಎಂದರೆ ರಾಜ್ಯ ಉದ್ಯಾನಗಳು ಮತ್ತು ನಗರದ ಕೆರೆಗಳು. ಡಾಲಸ್‌ನ ವೈಟ್ ರಾಕ್ ಕೆರೆಯ ಸುತ್ತ 9 ಮೈಲಿಯ ಹಾದಿಯಿದೆ. ಆಸ್ಟಿನ್‌ನ ಬಾರ್ಟನ್ ಸ್ಪ್ರಿಂಗ್ಸ್ ಬುಗ್ಗೆಯ ನೀರು ವರ್ಷವಿಡೀ 68ರಿಂದ 70 ಡಿಗ್ರಿ ಫ್ಯಾರನ್‌ಹೀಟ್. ಹ್ಯೂಸ್ಟನ್ ಬಳಿಯ ಬ್ರೇಜೋಸ್ ಬೆಂಡ್ ಉದ್ಯಾನದಲ್ಲಿ ಮೊಸಳೆಗಳು ಹಾದಿಯ ಪಕ್ಕದಲ್ಲೇ ಬಿಸಿಲು ಕಾಯಿಸುತ್ತಿರುತ್ತವೆ. ಮಕ್ಕಳ ಕೈ ಬಿಡಬೇಡಿ.

ಪೂರ್ವದ ಊರುಗಳು

ಕಾರಿಲ್ಲದವರಿಗೆ ನ್ಯೂಯಾರ್ಕ್‌ನಷ್ಟು ಅನುಕೂಲ ಬೇರೆಲ್ಲೂ ಇಲ್ಲ. 843 ಎಕರೆಯ ಸೆಂಟ್ರಲ್ ಪಾರ್ಕ್ ಎಲ್ಲರಿಗೂ ಗೊತ್ತು. ಗ್ರ್ಯಾಂಡ್ ಸೆಂಟ್ರಲ್‌ನಿಂದ ಹಡ್ಸನ್ ನದಿಯ ಬದಿಯಲ್ಲೇ ಸಾಗುವ ರೈಲು ಸುಮಾರು ಒಂದೂಕಾಲು ಗಂಟೆಯಲ್ಲಿ ಕೋಲ್ಡ್ ಸ್ಪ್ರಿಂಗ್ ಎಂಬ ಊರಿಗೆ ಒಯ್ಯುತ್ತದೆ. ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ. ನಿಲ್ದಾಣದಿಂದ ನಡೆದೇ ಬೆಟ್ಟದ ಹಾದಿ ಸೇರಬಹುದು. ವಾಷಿಂಗ್ಟನ್‌ನವರಿಗೆ 1890ರಿಂದಲೇ ರಾಕ್ ಕ್ರೀಕ್ ಪಾರ್ಕ್ ಇದೆ, ಅಕ್ಟೋಬರ್‌ನ ಬಣ್ಣಗಳಿಗೆ ಶೆನಂಡೋವಾದ 105 ಮೈಲಿಯ ಸ್ಕೈಲೈನ್ ಡ್ರೈವ್ ಇದೆ. ಬಾಸ್ಟನ್, ಅಟ್ಲಾಂಟಾಗಳಿಗೂ ಎರಡು ಮೂರು ಗಂಟೆಯೊಳಗೆ ಒಳ್ಳೆಯ ಬೆಟ್ಟಗಳಿವೆ.

ಪೂರ್ವದಲ್ಲೂ ಮಿನ್ನೆಸೋಟಾ, ವಿಸ್ಕಾನ್ಸಿನ್ ಕಡೆಯೂ ನಿಜವಾದ ಶತ್ರು ಉಣ್ಣೆ ಎಂಬ ರಕ್ತ ಹೀರುವ ಹುಳು. ಮಂಗನ ಕಾಯಿಲೆಯ ಭಯ ಕಂಡ ಶಿವಮೊಗ್ಗ ಸೀಮೆಯವರಿಗೆ ವಿವರಿಸಬೇಕಿಲ್ಲ. ಇಲ್ಲಿಯ ಉಣ್ಣೆ ಹರಡುವುದು ಲೈಮ್ ಕಾಯಿಲೆ. ಹುಲ್ಲಿನಲ್ಲಿ ನಡೆಯುವಾಗ ಉದ್ದ ಪ್ಯಾಂಟ್ ಹಾಕಿ, ಅದರ ಅಂಚನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದೊಡನೆ ಮಕ್ಕಳ ಕಂಕುಳು, ಕಿವಿಯ ಹಿಂದೆ, ಮಂಡಿಯ ಸಂದು ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಆಮೇಲೆ ಜ್ವರವೋ ಕೆಂಪು ಮಚ್ಚೆಯೋ ಕಂಡರೆ ವೈದ್ಯರಿಗೆ ಉಣ್ಣೆ ಕಚ್ಚಿದ್ದನ್ನು ಹೇಳಲೇಬೇಕು.

ಹೊರಡುವ ಮುನ್ನ

ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ 2026ರಿಂದ ಅಮೆರಿಕದಲ್ಲಿ ವಾಸಿಸುವವರಿಗೆ 80 ಡಾಲರ್, ಹೊರದೇಶದ ಪ್ರವಾಸಿಗರಿಗೆ 250 ಡಾಲರ್. ರಾಜ್ಯ ಕೊಟ್ಟ ಲೈಸೆನ್ಸ್ ಅಥವಾ ಗುರುತಿನ ಚೀಟಿ ಜೊತೆಯಲ್ಲಿರಲಿ. ಯೊಸೆಮಿಟಿ, ಗ್ರ್ಯಾಂಡ್ ಕ್ಯಾನಿಯನ್ ಸೇರಿದಂತೆ 11 ಉದ್ಯಾನಗಳಲ್ಲಿ ಹೊರದೇಶದವರಿಗೆ ಹೆಚ್ಚುವರಿ ಶುಲ್ಕವೂ ಇದೆ. ಊರಿನಿಂದ ಅಪ್ಪ ಅಮ್ಮ ಬರುವ ಮುಂಚೆಯೇ ನಿಯಮ ಓದಿಕೊಳ್ಳಿ. ನಾಲ್ಕನೇ ತರಗತಿಯ ಮಗುವಿದ್ದರೆ ಆ ಒಂದು ವರ್ಷ ಇಡೀ ಕುಟುಂಬಕ್ಕೆ ಪಾಸ್ ಉಚಿತ. ಎಷ್ಟೋ ಮನೆಗಳಲ್ಲಿ ಗೊತ್ತಾಗುವಷ್ಟರಲ್ಲಿ ಮಗು ಐದನೇ ತರಗತಿಗೆ ಹೋಗಿರುತ್ತದೆ.

ಪೂಜೆಗೆಂದು ಹೂ ಕೀಳುವ ಅಭ್ಯಾಸ ಹಿರಿಯರಲ್ಲಿದೆ. ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಹೂ ಕಿತ್ತರೂ ಅಪರಾಧ, ಮೊದಲೇ ಮೆಲ್ಲಗೆ ಹೇಳಿಡಿ. ಅಳಿಲಿಗೆ ಕಡಲೆ ಹಾಕುವುದೂ ಬೇಡ. ಕರಡಿ ಇರುವ ಕಡೆ ಕಾರಿನಲ್ಲಿ ಬುತ್ತಿ ಬಿಡಬೇಡಿ, ಅಲ್ಲಿಟ್ಟಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಡಿ. ಬೆಟ್ಟಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ, ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಒಬ್ಬರಿಗಾದರೂ ಹೇಳಿ ಹೊರಡಿ. ಬುತ್ತಿಗೆ ಪುಳಿಯೋಗರೆಯೇ ಸರಿ, ಮಧ್ಯಾಹ್ನದವರೆಗೆ ಕೆಡುವುದಿಲ್ಲ.

ಹಿಮದ ಬೂಟುಗಳನ್ನು ಬಂದ ತಕ್ಷಣ ಕೊಳ್ಳಬೇಡಿ. ಮಕ್ಕಳ ಕಾಲು ಒಂದೇ ಚಳಿಗಾಲದಲ್ಲಿ ಬೆಳೆದುಬಿಡುತ್ತದೆ. ನಮ್ಮ ಕೂಟದ ಸದಸ್ಯರು ಕೊಟ್ಟ ಬೂಟು, ಜಾಕೆಟ್‌ಗಳನ್ನು ಅಳತೆ ಬರೆದು ಜೋಡಿಸಿಟ್ಟಿದ್ದೇವೆ. ರಾಜ್ಯೋತ್ಸವದ ದಿನ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿರುತ್ತೇವೆ. ಮಗುವನ್ನು ಕರೆತಂದು ಹಾಕಿ ನೋಡಿ ಒಯ್ಯಿರಿ, ಚಿಕ್ಕದಾದಾಗ ತೊಳೆದು ಒಣಗಿಸಿ ತಂದುಕೊಡಿ.