ಎಲ್ಕ್ ಹಿಂಡುಗಳ ರೋಗ ಅಧ್ಯಯನಕ್ಕೆ ಹಣ ಹೊಂದಿಸಿದ ಬಗೆ: ನನ್ನ ಅನುಭವ

ಕಾಡುಪ್ರಾಣಿಗಳ ರೋಗವನ್ನು ಅಧ್ಯಯನ ಮಾಡಲು ಯಾರು ಹಣ ಕೊಡುತ್ತಾರೆ ಎಂದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ ಇತ್ತ ಬರಬೇಕೆಂದಿರುವ ಕಿರಿಯರು ನನ್ನನ್ನು ಆಗಾಗ ಕೇಳುತ್ತಾರೆ. ಅಮೆರಿಕದ ಮೊಂಟಾನಾ ಮತ್ತು ವಯೋಮಿಂಗ್ ರಾಜ್ಯಗಳಲ್ಲಿ, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಎಲ್ಕ್ ಹಿಂಡುಗಳಲ್ಲಿ ಬ್ರುಸೆಲ್ಲೋಸಿಸ್ ಎಂಬ, ಗರ್ಭಪಾತಕ್ಕೆ ಕಾರಣವಾಗುವ ರೋಗ ಹೇಗೆ ಹರಡುತ್ತದೆ ಎಂಬುದರ ಮೇಲೆ ನಾನು ಕೆಲಸ ಮಾಡುತ್ತಿದ್ದೇನೆ. ಈ ಅಧ್ಯಯನಕ್ಕೆ ಆರಂಭದಿಂದ ಕೊನೆಯವರೆಗೆ ಒಬ್ಬರೇ ಹಣ ಕೊಟ್ಟದ್ದು ಎಂದೂ ಇಲ್ಲ. ರೋಗದ ಗತಿಯನ್ನು ತಿಳಿಯಲು ಹತ್ತಾರು ವರ್ಷಗಳ ಮಾಹಿತಿ ಬೇಕು, ಅನುದಾನಗಳು ಮಾತ್ರ ಒಂದು, ಮೂರು ಅಥವಾ ಹೆಚ್ಚೆಂದರೆ ಐದು ವರ್ಷಕ್ಕೆ ಮುಗಿಯುತ್ತವೆ. ಈ ಎರಡು ಕಾಲಮಾನಗಳನ್ನು ಜೋಡಿಸುವುದೇ ನನ್ನ ಕೆಲಸದ ದೊಡ್ಡ ಭಾಗವಾಗಿದೆ.

ಎಲ್ಕ್ ನಮ್ಮ ಕಡವೆಯ ಬಳಗಕ್ಕೆ ಸೇರಿದ, ಆದರೆ ಅದಕ್ಕಿಂತ ದೊಡ್ಡ ಹಿಂಡುಗಳಲ್ಲಿ ಬದುಕುವ ಜಿಂಕೆ. ಇಲ್ಲಿನ ಎಲ್ಕ್‌ಗಳಲ್ಲಿರುವ ಬ್ರುಸೆಲ್ಲಾ ಅಬಾರ್ಟಸ್ ಎಂಬ ಬ್ಯಾಕ್ಟೀರಿಯಾ, ನಮ್ಮೂರಿನ ಹಸು ಎಮ್ಮೆಗಳು ಕಂದು ಹಾಕುವುದಕ್ಕೆ, ಅಂದರೆ ಗರ್ಭಪಾತಕ್ಕೆ, ಕಾರಣವಾಗುವ ಅದೇ ಬ್ಯಾಕ್ಟೀರಿಯಾ. ಯುರೋಪಿನಿಂದ ತಂದ ದನಗಳ ಮೂಲಕ ಅದು ಕಾಡುಪ್ರಾಣಿಗಳಿಗೆ ತಗುಲಿತು. ಯೆಲ್ಲೋಸ್ಟೋನಿನ ಕಾಡೆಮ್ಮೆಗಳಲ್ಲಿ, ಅಂದರೆ ಬೈಸನ್‌ಗಳಲ್ಲಿ, ಅದರ ಸುಳಿವು ಮೊದಲು ಸಿಕ್ಕಿದ್ದು 1917ರಲ್ಲಿ. ದನಗಳಿಂದ ಈ ರೋಗವನ್ನು ತೊಲಗಿಸಲು ಅಮೆರಿಕ ಸರ್ಕಾರ 1934ರಲ್ಲಿ ಆರಂಭಿಸಿದ ಕಾರ್ಯಕ್ರಮ ದೇಶದ ಉಳಿದೆಲ್ಲ ಕಡೆ ಯಶಸ್ವಿಯಾದರೂ, ಯೆಲ್ಲೋಸ್ಟೋನ್ ಸುತ್ತಲಿನ ಮೊಂಟಾನಾ, ವಯೋಮಿಂಗ್ ಮತ್ತು ಐಡಾಹೋ ಎಂಬ ಮೂರು ರಾಜ್ಯಗಳ ಭಾಗದಲ್ಲಿ ಮಾತ್ರ ಕಾಡುಪ್ರಾಣಿಗಳಿಂದ ದನಗಳಿಗೆ ರೋಗ ಮರಳಿ ಬರುತ್ತಲೇ ಇದೆ. ದನ ಸಾಕುವ ಒಂದು ಕುಟುಂಬದ ಹಿಂಡಿನಲ್ಲಿ ಸೋಂಕು ಕಂಡುಬಂದರೆ ಆ ಹಿಂಡನ್ನು ಪ್ರತ್ಯೇಕವಾಗಿರಿಸಿ, ಮತ್ತೆ ಮತ್ತೆ ಪರೀಕ್ಷಿಸಿ, ಸೋಂಕಿತ ದನಗಳನ್ನು ಕೊಲ್ಲಬೇಕಾಗುತ್ತದೆ. ನನ್ನ ಅಧ್ಯಯನಕ್ಕೆ ಹಣ ಬರುವ ದಾರಿ ತೆರೆದದ್ದು ಎಲ್ಕ್‌ನ ಮೇಲಿನ ಕಾಳಜಿಯಿಂದಷ್ಟೇ ಅಲ್ಲ, ಈ ಕುಟುಂಬಗಳ ಸಂಕಟದಿಂದಲೂ ಹೌದು. ಅದನ್ನು ಮರೆಯದೆ ಅರ್ಜಿ ಬರೆಯಬೇಕೆಂಬುದು ನನ್ನ ಮೊದಲ ನಿಯಮ.

ಮೊದಲ ಹಣ ಸಣ್ಣದಾಗಿತ್ತು, ಮತ್ತು ಅದನ್ನು ನಾನು ಕಾಡಿಗೆ ಹೋಗಲು ಕೇಳಲಿಲ್ಲ. ಇಲ್ಲಿನ ರಾಜ್ಯ ವನ್ಯಜೀವಿ ಇಲಾಖೆಗಳು ಬೇಟೆಯ ಪರವಾನಗಿ ಪಡೆದವರಿಗೆ ರಕ್ತ ಸಂಗ್ರಹಿಸುವ ಕೊಳವೆಗಳನ್ನು ಅಂಚೆಯಲ್ಲಿ ಕಳುಹಿಸುತ್ತವೆ. ಎಲ್ಕ್ ಹೊಡೆದ ಬೇಟೆಗಾರರು ಅದರ ರಕ್ತವನ್ನು ತುಂಬಿ, ಸ್ಥಳವನ್ನು ಬರೆದು ಮರಳಿಸುತ್ತಾರೆ. ಪ್ರಯೋಗಾಲಯ ಪರೀಕ್ಷೆ ಮುಗಿದ ಮೇಲೆ ಉಳಿದ ಸೀರಮ್ ಫ್ರೀಜರಿನಲ್ಲಿ ಉಳಿಯುತ್ತದೆ. ಹೀಗೆ ವರ್ಷಾನುಗಟ್ಟಲೆ ಕೂಡಿಟ್ಟ ಮಾದರಿಗಳನ್ನು ಹಿಂಡುವಾರು ವಿಂಗಡಿಸಿ, ಯಾವ ಹಿಂಡಿನಲ್ಲಿ ಪ್ರತಿಕಾಯಗಳಿರುವ ಎಲ್ಕ್‌ಗಳ ಪ್ರಮಾಣ ಏರುತ್ತಿದೆ, ಯಾವುದರಲ್ಲಿ ನಿಂತಿದೆ ಎಂದು ನೋಡಲು ಒಬ್ಬ ತಾಂತ್ರಿಕ ಸಹಾಯಕರ ಸಂಬಳ ಮತ್ತು ನನ್ನ ಬೇಸಿಗೆಯ ವೇತನ ಸಾಕಾಗಿತ್ತು. ಅಷ್ಟನ್ನು ವಿಶ್ವವಿದ್ಯಾಲಯದ ಒಳಗಿನ ನಿಧಿಯೇ ಕೊಟ್ಟಿತು. ದೊಡ್ಡ ಅನುದಾನಕ್ಕೆ ಅರ್ಜಿ ಹಾಕುವವರ ಕೈಯಲ್ಲಿ ಪ್ರಾಥಮಿಕ ಫಲಿತಾಂಶವೊಂದು ಇರಲೇಬೇಕು. ಅದನ್ನು ಪಡೆಯಲು ಈಗಾಗಲೇ ಇರುವ ಮಾದರಿಗಳಿಗಿಂತ ಅಗ್ಗದ ಮಾರ್ಗ ನನಗೆ ಕಂಡಿಲ್ಲ.

ಆದರೆ ರಕ್ತಪರೀಕ್ಷೆ ಹೇಳುವುದು ಪ್ರಾಣಿಗೆ ಹಿಂದೆಂದೋ ಸೋಂಕು ತಗುಲಿತ್ತು ಎಂಬುದನ್ನು ಮಾತ್ರ. ರೋಗ ಹರಡುವುದು ಸೋಂಕಿತ ಎಲ್ಕ್ ಕಂದು ಹಾಕಿದಾಗ ಹೊರಬೀಳುವ ಭ್ರೂಣ ಮತ್ತು ದ್ರವಗಳಿಂದ. ಅದು ನಡೆಯುವುದು ಸಾಮಾನ್ಯವಾಗಿ ಫೆಬ್ರವರಿಯಿಂದ ಜೂನ್‌ವರೆಗೆ. ಎಲ್ಲಿ, ಯಾವಾಗ, ಎಷ್ಟು ದನಗಳ ಹತ್ತಿರ ಅದು ನಡೆಯುತ್ತದೆ ಎಂದು ತಿಳಿಯಲು ಗಬ್ಬದ ಎಲ್ಕ್‌ಗಳನ್ನು ಹಿಡಿದು, ಕುತ್ತಿಗೆಗೆ ಜಿಪಿಎಸ್ ಕಾಲರ್ ತೊಡಿಸಿ, ಯೋನಿಯಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇಡಬೇಕು. ಪ್ರಾಣಿ ಈಯ್ದಾಗ ಅಥವಾ ಕಂದು ಹಾಕಿದಾಗ ಆ ಸಾಧನ ಹೊರಬಿದ್ದು, ತಾಪಮಾನದ ಬದಲಾವಣೆಯಿಂದ ಸಂಕೇತ ಕಳುಹಿಸುತ್ತದೆ, ನಾವು ಅಲ್ಲಿಗೆ ಹೋಗಿ ಮಾದರಿ ತೆಗೆಯುತ್ತೇವೆ. ಇಲ್ಲಿಂದ ಖರ್ಚಿನ ಸ್ವರೂಪವೇ ಬದಲಾಗುತ್ತದೆ. ಕಾಲರ್ ಒಂದಕ್ಕೆ ಎರಡು ಸಾವಿರ ಡಾಲರಿನ ಆಸುಪಾಸು ಬೆಲೆ, ಅದರ ಮೇಲೆ ಉಪಗ್ರಹದ ಮೂಲಕ ಮಾಹಿತಿ ಪಡೆಯುವ ಶುಲ್ಕ, ಹೆಲಿಕಾಪ್ಟರಿನಿಂದ ಬಲೆ ಎಸೆದು ಹಿಡಿಯುವ ತಂಡಕ್ಕೆ ತಲೆಗಿಷ್ಟು ಎಂದು ಪ್ರತ್ಯೇಕ ದರ. ಒಂದು ಹಿಂಡಿನ ಬಗ್ಗೆ ಭರವಸೆಯಿಂದ ಏನಾದರೂ ಹೇಳಬೇಕಾದರೆ ಕೆಲವೇ ಪ್ರಾಣಿಗಳು ಸಾಲುವುದಿಲ್ಲ. ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಸಂಬಳ ಮತ್ತು ಶುಲ್ಕ ಸೇರಿಸಿದರೆ ಮೊತ್ತ ಲಕ್ಷಾಂತರ ಡಾಲರ್ ಆಗುತ್ತದೆ.

ಈ ಮೊತ್ತವನ್ನು ನಾನು ಮೂರು ಕಡೆಯಿಂದ ಹೊಂದಿಸಿದೆ.

ಮೊದಲನೆಯದು ರಾಜ್ಯ ಇಲಾಖೆಯ ಮೂಲಕ ಬರುವ ಹಣ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕು, ಮದ್ದುಗುಂಡು ಮತ್ತು ಬಿಲ್ಲುಬಾಣಗಳ ತಯಾರಕರಿಂದ ವಸೂಲಾಗುವ ಅಬಕಾರಿ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹಂಚಿಕೆಯಾಗುತ್ತದೆ. ಉದ್ದ ಬಂದೂಕುಗಳ ಮೇಲೆ ಈ ತೆರಿಗೆ ಶೇ. 11, ಕೈಬಂದೂಕುಗಳ ಮೇಲೆ ಶೇ. 10. ಅರ್ಹ ಯೋಜನೆಯೊಂದರ ವೆಚ್ಚದಲ್ಲಿ ಶೇ. 75ರವರೆಗೆ ಕೇಂದ್ರದ ಈ ನಿಧಿ ಭರಿಸಿದರೆ, ಉಳಿದ ಶೇ. 25ನ್ನು ಕೇಂದ್ರದ್ದಲ್ಲದ ಮೂಲದಿಂದ ತೋರಿಸಬೇಕು. ವಿಶ್ವವಿದ್ಯಾಲಯದಲ್ಲಿರುವ ನಮ್ಮಂಥವರು ಉಪಯೋಗಕ್ಕೆ ಬರುವುದು ಇಲ್ಲಿಯೇ. ನನ್ನ ಸಂಬಳದ ಒಂದು ಪಾಲು, ವಿಶ್ವವಿದ್ಯಾಲಯ ಬಿಟ್ಟುಕೊಡುವ ಓವರ್‌ಹೆಡ್ (ಸಂಶೋಧನಾ ಹಣದ ಮೇಲೆ ಅದು ಹೇರುವ ಆಡಳಿತ ವೆಚ್ಚ), ಬೇಟೆಗಾರರ ಪ್ರತಿಷ್ಠಾನವೊಂದು ಕೊಟ್ಟ ನಗದು, ಇವೆಲ್ಲವನ್ನೂ ಮುಂಚಿತವಾಗಿ ಒಪ್ಪಿಗೆ ಪಡೆದು ಆ ಕಾಲುಭಾಗಕ್ಕೆ ಲೆಕ್ಕ ಹಿಡಿಯಬಹುದು. ಇಲಾಖೆಯ ಜೀವಶಾಸ್ತ್ರಜ್ಞರ ಜೊತೆ ಕುಳಿತು ಈ ಲೆಕ್ಕವನ್ನು ಮೊದಲೇ ಮಾಡಿಕೊಂಡು ಹೋದವರ ಪ್ರಸ್ತಾವನೆಗೆ ಸಿಗುವ ಗಮನವೇ ಬೇರೆ. ಎಲ್ಕ್ ಅಧ್ಯಯನದ ಕಾಲುಭಾಗ ಹೊಂದಿಸಲು ರಾಕಿ ಮೌಂಟೇನ್ ಎಲ್ಕ್ ಫೌಂಡೇಶನ್‌ನಂಥ ಸಂಸ್ಥೆಗಳೂ ಇವೆ. 1984ರಲ್ಲಿ ಹುಟ್ಟಿದ, ಮೊಂಟಾನಾದ ಮಿಸೂಲಾದಲ್ಲಿ ಕೇಂದ್ರ ಕಚೇರಿ ಇರುವ ಈ ಸಂಸ್ಥೆಯ ಬೆನ್ನಿಗಿರುವವರು ಹೆಚ್ಚಾಗಿ ಬೇಟೆಗಾರರೇ. ಅವರಿಗೆ ಬರೆಯುವ ಪತ್ರದಲ್ಲಿ ಸಮೀಕರಣಗಳಿಗೆ ಜಾಗವಿಲ್ಲ. ಯಾವ ಕಣಿವೆ, ಯಾವ ಹಿಂಡು, ಅಧ್ಯಯನದ ನಂತರ ಅಲ್ಲಿ ಏನು ಬದಲಾಗಬಹುದು ಎಂಬುದನ್ನು ಎರಡು ಪುಟಗಳಲ್ಲಿ ಹೇಳಬೇಕು.

ಎರಡನೆಯದು ಕೇಂದ್ರ ಸಂಸ್ಥೆಗಳ ಜೊತೆಗಿನ ಸಹಕಾರ ಒಪ್ಪಂದ. ಇದರಲ್ಲಿ ಓವರ್‌ಹೆಡ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಭಾರತದಿಂದ ಬಂದವರಿಗೆ ಇದು ಹೊಸದು. ಸಂಶೋಧನೆಗೆ ಬರುವ ಹಣದ ಮೇಲೆ ಕಟ್ಟಡ, ವಿದ್ಯುತ್ತು, ಲೆಕ್ಕಪತ್ರಗಳ ವೆಚ್ಚವೆಂದು ವಿಶ್ವವಿದ್ಯಾಲಯ ಒಂದು ದರ ಹೇರುತ್ತದೆ, ಸಾಮಾನ್ಯ ಕೇಂದ್ರ ಅನುದಾನಗಳಲ್ಲಿ ಅದು ನೇರ ವೆಚ್ಚದ ಅರ್ಧದವರೆಗೂ ಹೋಗುವುದುಂಟು. ಸಹಕಾರಿ ಪರಿಸರವ್ಯವಸ್ಥೆ ಅಧ್ಯಯನ ಘಟಕಗಳೆಂಬ ಜಾಲದ ಮೂಲಕ ರಾಷ್ಟ್ರೀಯ ಉದ್ಯಾನ ಸೇವೆ ಅಥವಾ ಭೂವೈಜ್ಞಾನಿಕ ಸಮೀಕ್ಷೆಯಂಥ ಸಂಸ್ಥೆಯೊಂದು ಹಣ ಕೊಟ್ಟರೆ ಈ ದರ ಶೇ. 17.5 ಮಾತ್ರ. ಅದೇ ಮೊತ್ತದಲ್ಲಿ ಹೆಚ್ಚು ಕಾಲರ್‌ಗಳು ಕಾಡಿಗೆ ಹೋಗುತ್ತವೆ. ಆದರೆ ಈ ಹಣ ಸಂಸ್ಥೆಯ ಒಳಗಿನ ವಿಜ್ಞಾನಿಯೊಬ್ಬರು ನಿಮ್ಮನ್ನು ಪಾಲುದಾರರಾಗಿ ಒಪ್ಪಿದ ಮೇಲೆಯೇ ಬರುವಂಥದ್ದು. ಆ ನಂಬಿಕೆ ಮೂಡುವುದು ಹಿಮದಲ್ಲಿ ಒಟ್ಟಿಗೆ ಪ್ರಾಣಿ ಹಿಡಿದಾಗ, ಅವರ ದತ್ತಾಂಶವನ್ನು ಅವರ ಹೆಸರಿನಲ್ಲೇ ಪ್ರಕಟಿಸಿದಾಗ. ಅದಕ್ಕೆ ಹಲವು ವರ್ಷಗಳು ಹಿಡಿಯುತ್ತವೆ.

ಮೂರನೆಯದು ರಾಷ್ಟ್ರಮಟ್ಟದ ಸ್ಪರ್ಧಾತ್ಮಕ ಅನುದಾನ. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಮತ್ತು ಕೃಷಿ ಇಲಾಖೆ ಜೊತೆಗೂಡಿ ನಡೆಸುತ್ತಿದ್ದ ಸಾಂಕ್ರಾಮಿಕ ರೋಗಗಳ ಪರಿಸರ ಮತ್ತು ವಿಕಾಸ ಎಂಬ ಕಾರ್ಯಕ್ರಮ ನಮ್ಮಂಥವರಿಗೆ ಮುಖ್ಯ ಬಾಗಿಲಾಗಿತ್ತು. ಒಂದು ಪುಟದ ಸಾರಾಂಶ, 15 ಪುಟಗಳ ವಿವರಣೆ. ಇಲ್ಲಿ ಯೆಲ್ಲೋಸ್ಟೋನಿನ ಎಲ್ಕ್‌ಗೆ ರೋಗ ಹೇಗೆ ಹರಡುತ್ತದೆ ಎಂದಷ್ಟೇ ಕೇಳಿದರೆ ಅರ್ಜಿಗಳನ್ನು ತೂಗುವ ಪ್ಯಾನೆಲ್ಲಿನಲ್ಲಿ ಕುಳಿತ ಸೊಳ್ಳೆ ತಜ್ಞರಿಗೂ ಗಣಿತಜ್ಞರಿಗೂ ಅದು ಒಂದು ಪ್ರದೇಶದ ಸಮಸ್ಯೆಯಾಗಿಯೇ ಕಾಣುತ್ತದೆ. ನಾನು ಪ್ರಶ್ನೆಯನ್ನು ಹೀಗೆ ಕಟ್ಟಿದೆ: ಹಿಂಡು ದೊಡ್ಡದಾದಷ್ಟೂ ರೋಗ ಹರಡುವಿಕೆ ಹೆಚ್ಚುತ್ತದೆಯೇ, ಅಥವಾ ಹಿಂಡಿನ ಗಾತ್ರ ಎಷ್ಟೇ ಇದ್ದರೂ ಪ್ರತಿ ಪ್ರಾಣಿಯ ಸಂಪರ್ಕಗಳ ಸಂಖ್ಯೆ ಒಂದು ಮಿತಿಯಲ್ಲೇ ಉಳಿಯುತ್ತದೆಯೇ? ಇದಕ್ಕೆ ಉತ್ತರಿಸಲು ಈ ಪ್ರದೇಶದಂಥ ಸ್ಥಳ ಬೇರೆಡೆ ಸಿಗುವುದು ಕಷ್ಟ. ವಯೋಮಿಂಗಿನಲ್ಲಿ 1912ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಎಲ್ಕ್ ಆಶ್ರಯಧಾಮದಲ್ಲಿಯೂ, ರಾಜ್ಯವೇ ನಡೆಸುವ ಇಪ್ಪತ್ತಕ್ಕೂ ಹೆಚ್ಚು ಫೀಡ್‌ಗ್ರೌಂಡ್‌ಗಳಲ್ಲಿಯೂ ಚಳಿಗಾಲದಲ್ಲಿ ಎಲ್ಕ್‌ಗಳಿಗೆ ಮೇವು ಹಾಕಲಾಗುತ್ತದೆ. ಅಲ್ಲಿ ಅವು ಒತ್ತೊತ್ತಾಗಿ ನಿಲ್ಲುತ್ತವೆ, ಪಕ್ಕದ ಕಣಿವೆಗಳಲ್ಲಿ ಯಾರೂ ಮೇವು ಹಾಕದ ಹಿಂಡುಗಳಿವೆ. ಮೊದಲು ರೋಗ ಫೀಡ್‌ಗ್ರೌಂಡ್‌ಗಳಿಗೆ ಸೀಮಿತವೆಂದು ಭಾವಿಸಲಾಗಿತ್ತು, ಆಮೇಲೆ ಮೇವು ಹಾಕದ ದೊಡ್ಡ ಹಿಂಡುಗಳಲ್ಲಿಯೂ ಪ್ರಮಾಣ ಏರಿತು. ದನಗಳಿಗೆ ಸೋಂಕು ಬರುತ್ತಿರುವುದು ಮುಖ್ಯವಾಗಿ ಎಲ್ಕ್‌ಗಳಿಂದ, ಬೈಸನ್‌ಗಳಿಂದಲ್ಲ ಎಂದು ರಾಷ್ಟ್ರೀಯ ಅಕಾಡೆಮಿಗಳ 2017ರ ವರದಿ ಸ್ಪಷ್ಟವಾಗಿ ಹೇಳಿದ ಮೇಲೆ ಎಲ್ಕ್‌ನ ಮೇಲಿನ ಪ್ರಸ್ತಾವನೆಗಳಿಗೆ ಸಮರ್ಥನೆ ಬರೆಯುವ ಶ್ರಮ ಬಹಳ ಕಡಿಮೆಯಾಯಿತು.

ಅರ್ಜಿಯಲ್ಲಿ ಸಮಾಜಕ್ಕೆ ಇದರಿಂದೇನು ಎಂಬ ಭಾಗವನ್ನು ಹಲವರು ಕಡೆಗೆ ಅವಸರದಲ್ಲಿ ಬರೆಯುತ್ತಾರೆ. ನಾನು ಅದನ್ನೇ ಮೊದಲು ಬರೆಯುತ್ತೇನೆ. 1985ರಿಂದ ದಶಕಗಳ ಕಾಲ ವಯೋಮಿಂಗಿನ ಫೀಡ್‌ಗ್ರೌಂಡ್‌ಗಳಲ್ಲಿ ಎಲ್ಕ್‌ಗಳಿಗೆ ಸ್ಟ್ರೇನ್ 19 ಲಸಿಕೆಯನ್ನು ದೂರದಿಂದ ಬಂದೂಕಿನ ಮೂಲಕ ಹಾಕಿದರು, ಆದರೆ ರೋಗದ ಪ್ರಮಾಣ ನಿರೀಕ್ಷಿಸಿದಂತೆ ಇಳಿಯಲಿಲ್ಲ. ಭಾರತದಲ್ಲಿ 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಹಾಕುವುದೂ ಇದೇ ಲಸಿಕೆ. ಕಾಡಿನಲ್ಲಿ ಲಸಿಕೆ ಏಕೆ ಸೋತಿತು ಎಂಬ ತಿಳಿವಳಿಕೆ ದನಗಳ ಕಾರ್ಯಕ್ರಮಕ್ಕೂ ಬೇಕು ಎಂದು ನಾನು ಬರೆದ ಪ್ಯಾರಾವನ್ನು ವಿಮರ್ಶಕರು ಪ್ರತ್ಯೇಕವಾಗಿ ಗುರುತಿಸಿದ್ದರು.

ಹಣ ಮಂಜೂರಾಗುವುದಕ್ಕೂ ಪ್ರಾಣಿಗಳ ಜೀವನಚಕ್ರಕ್ಕೂ ಹೊಂದಾಣಿಕೆಯಿಲ್ಲ ಎಂಬುದನ್ನು ಯಾವ ಮಾರ್ಗದರ್ಶಿಯೂ ಹೇಳುವುದಿಲ್ಲ. ಕೇಂದ್ರದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ, ಬಜೆಟ್ ತಡವಾದರೆ ಹಣ ಕೈಗೆ ಬರುವಾಗ ವಸಂತವೇ ಬಂದಿರುತ್ತದೆ. ಎಲ್ಕ್ ಹಿಡಿಯಬೇಕಾದದ್ದು ತಣ್ಣಗಿರುವ ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ, ಇಲ್ಲವಾದರೆ ಓಡಿ ಬಿಸಿಯೇರಿ ಪ್ರಾಣಿ ಸಾಯುವ ಅಪಾಯವಿದೆ. ಕಾಲರ್‌ಗಳನ್ನು ತಿಂಗಳುಗಳ ಮುಂಚೆಯೇ ತಯಾರಕರಿಗೆ ಹೇಳಿರಬೇಕು. ಹಾಗಾಗಿ ಕಾಲರ್‌ಗಳ ಖರೀದಿಯನ್ನು ಬೇಗ ಕೈಗೆ ಬರುವ ಪ್ರತಿಷ್ಠಾನದ ಹಣಕ್ಕೂ, ಸಂಬಳ ಮತ್ತು ಪ್ರಯೋಗಾಲಯದ ವೆಚ್ಚವನ್ನು ಕೇಂದ್ರದ ಹಣಕ್ಕೂ ಜೋಡಿಸುವ ಪದ್ಧತಿ ಇಟ್ಟುಕೊಂಡೆ. ಒಂದು ಮೂಲ ತಡವಾದರೂ ಚಳಿಗಾಲ ವ್ಯರ್ಥವಾಗುವುದಿಲ್ಲ. ಪ್ರಾಣಿಗಳ ಬಳಕೆಗೆ ನೈತಿಕ ಸಮಿತಿಯ ಒಪ್ಪಿಗೆ, ರಾಜ್ಯದ ಪರವಾನಗಿ, ಉದ್ಯಾನದ ಸಂಶೋಧನಾ ಪರವಾನಗಿ ಇವುಗಳನ್ನು ಹಣಕ್ಕೆ ಕಾಯದೆ ಪಡೆದಿಡಬೇಕು. ಜಮೀನು ದಾಟಲು ಬಿಡುವ ದನಗಾರರ ಹೆಸರು, ಹೊಲಗಳ ಗುರುತು ಎಲ್ಲಿಯೂ ಹೊರಬೀಳದಂತೆ ದತ್ತಾಂಶ ಕಾಪಾಡುವ ಭರವಸೆಯನ್ನು ಬರಹದಲ್ಲೇ ಕೊಡಬೇಕು.

ಈಗ ನನ್ನ ಗಮನದ ದೊಡ್ಡ ಪಾಲು ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಇನ್ನೊಂದು ರೋಗದತ್ತ ಹೋಗಿದೆ. ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನಿಂದ ಬರುವ ಇದು ಪ್ರಾಣಿಯನ್ನು ಸೊರಗಿಸಿ ಕೊಲ್ಲುತ್ತದೆ. ಇದಕ್ಕೆ ಲಸಿಕೆಯಾಗಲಿ ಚಿಕಿತ್ಸೆಯಾಗಲಿ ಇಲ್ಲ, ಪ್ರಿಯಾನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. 1967ರಲ್ಲಿ ಕೊಲರಾಡೋದ ಸಂಶೋಧನಾ ಕೇಂದ್ರವೊಂದರ ಸಾಕಿದ ಜಿಂಕೆಗಳಲ್ಲಿ ಕಂಡ ಈ ರೋಗ 1981ರಲ್ಲಿ ಕಾಡಿನ ಎಲ್ಕ್‌ನಲ್ಲಿ ಪತ್ತೆಯಾಯಿತು. 2020ರ ಡಿಸೆಂಬರಿನಲ್ಲಿ ಗ್ರಾಂಡ್ ಟೀಟನ್ ಉದ್ಯಾನದ ಎಲ್ಕ್ ಒಂದರಲ್ಲಿಯೂ, 2024–25ರ ಚಳಿಗಾಲದಲ್ಲಿ ವಯೋಮಿಂಗಿನ ಫೀಡ್‌ಗ್ರೌಂಡ್‌ಗಳಲ್ಲಿಯೂ ದೃಢಪಟ್ಟಿತು. ಸೋಂಕು ತಗುಲಿ ಲಕ್ಷಣ ಕಾಣಲು ಒಂದೂವರೆ ಎರಡು ವರ್ಷ ಹಿಡಿಯುವ ರೋಗವನ್ನು ಮೂರು ವರ್ಷದ ಅನುದಾನದಲ್ಲಿ ಅಳೆಯಲು ಹೊರಟರೆ ಕಾಣುವುದು ಅದರ ಒಂದು ತುಣುಕು ಮಾತ್ರ.

2022ರ ಡಿಸೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ ಈ ರೋಗದ ಸಂಶೋಧನೆ ಮತ್ತು ನಿರ್ವಹಣೆಗಾಗಿ ಕಾಯ್ದೆಯೊಂದನ್ನು ಒಪ್ಪಿ, 2028ರವರೆಗೆ ವರ್ಷಕ್ಕೆ 7 ಕೋಟಿ ಡಾಲರ್‌ವರೆಗೆ ಖರ್ಚಿಗೆ ಅಧಿಕಾರ ಕೊಟ್ಟಿತು, ಅರ್ಧ ಸಂಶೋಧನೆಗೆ, ಅರ್ಧ ನಿರ್ವಹಣೆಗೆ. ಆದರೆ ಕಾಯ್ದೆ ಅನುಮತಿಸಿದ ಮೊತ್ತ ಬೇರೆ, ಬಜೆಟ್ಟಿನಲ್ಲಿ ಬಿಡುಗಡೆಯಾಗುವುದು ಬೇರೆ. ಬಂದದ್ದು ಅದಕ್ಕಿಂತ ಬಹಳ ಕಡಿಮೆ. ಈ ಅಂತರವನ್ನು ತಿಳಿದೇ ನಾನು ಈಗಿನ ಅರ್ಜಿಗಳನ್ನು ಬರೆಯುತ್ತಿದ್ದೇನೆ. ರೋಗ ಇನ್ನೂ ಮುಟ್ಟದ ಹಿಂಡುಗಳ ಇಂದಿನ ಸ್ಥಿತಿಯನ್ನು ದಾಖಲಿಸಲು ಹಣ ಕೇಳುವುದು ಅವುಗಳಲ್ಲಿ ಅತಿ ಕಷ್ಟದ ಭಾಗ. ರೋಗವೇ ಇಲ್ಲದ ಕಡೆ ಖರ್ಚು ಏಕೆ ಎಂದು ವಿಮರ್ಶಕರು ಕೇಳುತ್ತಾರೆ. ಬ್ರುಸೆಲ್ಲೋಸಿಸ್‌ಗೆಂದು ದಶಕಗಳಿಂದ ಕೂಡಿಟ್ಟ ಅದೇ ರಕ್ತದ ಮಾದರಿಗಳಿಂದ, ಪ್ರಿಯಾನ್ ಪ್ರೋಟೀನಿನ 132ನೆಯ ಸ್ಥಾನದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇರುವ ಎಲ್ಕ್‌ಗಳು ಪ್ರತಿ ಹಿಂಡಿನಲ್ಲಿ ಎಷ್ಟಿದ್ದವು ಎಂದು ಗುರುತಿಸಬಹುದು. ಅಂಥ ಪ್ರಾಣಿಗಳಲ್ಲಿ ರೋಗ ನಿಧಾನವಾಗಿ ಬೆಳೆಯುತ್ತದೆ. ರೋಗ ಬಂದ ಮೇಲೆ ಅವುಗಳ ಪ್ರಮಾಣ ಬದಲಾಯಿತೇ ಎಂದು ತಿಳಿಯಲು ಬರುವ ಮುಂಚಿನ ಲೆಕ್ಕ ಬೇಕೇ ಬೇಕು. ವಿಮರ್ಶಕರಿಗೆ ನಾನು ಕೊಡುವ ಉತ್ತರ ಇದು. ಅದರ ಜೊತೆಗೆ ಪ್ರತಿಯೊಂದು ಬಜೆಟ್ಟಿನಲ್ಲಿಯೂ, ಮೊತ್ತ ಎಷ್ಟೇ ಚಿಕ್ಕದಾಗಿರಲಿ, ಮಾದರಿಗಳ ಸಂರಕ್ಷಣೆಗೆಂದು ಒಂದು ಸಾಲು ಇಡುತ್ತೇನೆ: ಫ್ರೀಜರ್, ಅದರ ವಿದ್ಯುತ್ ಹೋದರೆ ಎಚ್ಚರಿಸುವ ಸಾಧನ, ಮಾದರಿಗಳ ಪಟ್ಟಿಯನ್ನು ನೋಡಿಕೊಳ್ಳುವ ಒಬ್ಬರ ಅರೆಕಾಲಿಕ ಸಂಬಳ.