ಅವನು ‘ಸಾಕು’ ಅಂದರೆ ಇನ್ನೊಂದು ಸಲ ಕೇಳಿ

ಎರಡು ವರ್ಷದ ಹಿಂದೆ ನನ್ನ ಕಣ್ಣಿನ ಪೊರೆ ಆಪರೇಷನ್ ಆಯಿತು. ಮೂರು ದಿನ ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿದ್ದೆ. ಗುಳೇದಗುಡ್ಡದಲ್ಲಿ ದೊಡ್ಡ ಮಗನ ಜೊತೆ ಇರಲು ಸಣ್ಣ ಮಗ, ಸೊಸೆ ಬಾಗಲಕೋಟೆಯಿಂದ ಬಂದಿದ್ದರು. ದೊಡ್ಡವನಿಗೆ ಈಗ 33 ವರ್ಷ. ಹುಟ್ಟಿನಿಂದಲೇ ಬೌದ್ಧಿಕ ಅಂಗವಿಕಲತೆ ಇದೆ, ಜೊತೆಗೆ ಫಿಟ್ಸ್.

ನಾನು ವಾಪಸ್ ಬಂದಾಗ ಅವನ ಮುಖ ಇಳಿದುಹೋಗಿತ್ತು. ತಾಟು ಹಾಕಿದ್ದೇ ತಡ, ನಾಲ್ಕು ರೊಟ್ಟಿ ತಿಂದ. ಸೊಸೆ ಗಾಬರಿಯಾದಳು. “ಅತ್ತಿ, ನಾ ದಿನಾ ನೀಡಾಕ ಹೋಗೀನ್ರಿ. ಭಾವಾರು ಒಂದ ರೊಟ್ಟಿಗೇ ಸಾಕು ಅಂತಿದ್ರು. ಒತ್ತಾಯ ಮಾಡೂದು ಬ್ಯಾಡ ಅಂತ ಬಿಟ್ಟೆ” ಅಂದಳು.

ಅವಳದ್ದೇನೂ ತಪ್ಪಿಲ್ಲ. ನನ್ನ ಮಗ ಮೊದಲನೇ ಸಲ ಯಾವಾಗಲೂ ‘ಸಾಕು’ ಅಂತಾನೆ. ಅದು ಅವನ ಬಾಯಿಗೆ ಕೂತ ಮಾತು, ಹೊಟ್ಟೆಗೂ ಅದಕ್ಕೂ ಸಂಬಂಧವಿಲ್ಲ. ಸ್ವಲ್ಪ ಹೊತ್ತು ಬಿಟ್ಟು ರೊಟ್ಟಿ ತೋರಿಸಿ ಇನ್ನೊಂದು ಸಲ ಕೇಳಬೇಕು. ತಾಟು ಮುಂದೆ ಸರಿಸಿದರೆ ಬೇಕು ಅಂತ. ಕೈ ತೊಳೆಯಲು ಎದ್ದರೆ ಸಾಕು ಅಂತ. ಇದು ನನಗೆ ಅವನು ಮಾತು ಕಲಿತಾಗಿನಿಂದ ಗೊತ್ತು. ಯಾರಿಗೂ ಹೇಳಿರಲಿಲ್ಲ. ಹೇಳಬೇಕು ಅಂತ ಹೊಳೆದೇ ಇರಲಿಲ್ಲ.

ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ನಾನು ಮೂರು ದಿನ ಇಲ್ಲದಿದ್ದರೆ ಹೀಗಾಯಿತು. ನಾನೇ ಇಲ್ಲದಿದ್ದರೆ?

ಅದಕ್ಕೂ ಮೊದಲು ನಾನು ಸುಮ್ನೆ ಕೂತಿರಲಿಲ್ಲ. ಕಾಗದಪತ್ರದ ಕೆಲಸ ಎಲ್ಲಾ ಮುಗಿದಿತ್ತು. ಅವನ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಮಾಸಾಶನ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ, ಎಲ್ಲವೂ ಒಂದೇ ಫೈಲಿನಲ್ಲಿವೆ. ನಿರಾಮಯದಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಸಿಗುತ್ತದೆ, ಆದರೆ ಪ್ರತಿ ವರ್ಷ ನವೀಕರಣ ಮಾಡಿಸಬೇಕು. ನಾನು ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವಳು. ದುಡಿದು ಬದುಕಲು ಆಗದ ಅಂಗವಿಕಲ ಮಕ್ಕಳಿಗೆ ಕುಟುಂಬ ಪಿಂಚಣಿ ಜೀವನಪೂರ್ತಿ ಇರುತ್ತದೆ. ಅದಕ್ಕಾಗಿ ನಿವೃತ್ತಿಯ ಕಾಗದಗಳಲ್ಲಿ ಅವನ ಹೆಸರು, ಅಂಗವಿಕಲತೆಯ ಪ್ರಮಾಣಪತ್ರ ಸೇರಿಸಿದ್ದೇನೆ. ಮನೆಯ ಬಗ್ಗೆ ಮೃತ್ಯುಪತ್ರ ಬರೆಸಿದ್ದೇನೆ: ಅವನು ಬದುಕಿರುವವರೆಗೆ ಈ ಮನೆಯಲ್ಲಿ ವಾಸ ಮಾಡುವ ಹಕ್ಕು ಅವನದು, ಆಮೇಲೆ ಸಣ್ಣವನಿಗೆ.

ಪಾಲಕತ್ವದ ವಿಷಯ ಮಾತ್ರ ನನಗೆ ತಡವಾಗಿ ಗೊತ್ತಾಯಿತು. ಯಜಮಾನರು ತೀರಿಕೊಂಡ ಮೇಲೆ ಹೊಲದ ಉತಾರಕ್ಕೆ (ಪಹಣಿಗೆ) ವಾರಸಾ ಮಾಡಿಸಲು, ಅಂದರೆ ವಾರಸುದಾರರ ಹೆಸರು ಸೇರಿಸಲು ಹೋದಾಗ, ಅವನ ಪರವಾಗಿ ಸಹಿ ಮಾಡಲು ನೀವು ಯಾರು ಅಂತ ಕೇಳಿದರು. ಅವನ ತಾಯಿ ಅಂದೆ. ಅದು ಸಾಲದು. 18 ತುಂಬಿದ ಮೇಲೆ ಹೆತ್ತವರು ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಬಹು ಅಂಗವಿಕಲತೆ ಇರುವವರಿಗೆ ಇದೆ. ಆ ಕಾಯ್ದೆಯ ಕೆಳಗೆ ಜಿಲ್ಲಾಧಿಕಾರಿಗಳ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಬಾಗಲಕೋಟೆಯ ನವನಗರದಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ ಏಳೆಂಟು ಸಲ ಓಡಾಡಿದೆ. ಪಾಲಕರಾದವರು 6 ತಿಂಗಳೊಳಗೆ ತಾವು ನೋಡಿಕೊಳ್ಳುವ ವ್ಯಕ್ತಿಯ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದು 3 ತಿಂಗಳೊಳಗೆ ಲೆಕ್ಕ ಕೊಡಬೇಕು. ಇದು ತಲೆನೋವು ಅಂತ ನೆಂಟರು ಅಂದರು. ನನಗೆ ಮಾತ್ರ ಸಮಾಧಾನ ಆಯಿತು. ನಾಳೆ ನನ್ನ ಜಾಗಕ್ಕೆ ಯಾರು ಬಂದರೂ ಅವನ ಪಾಲಿನ ಹೊಲಕ್ಕೆ ಲೆಕ್ಕ ಕೇಳುವವರು ಇರುತ್ತಾರೆ, ಅಲ್ವಾ?

ಇಷ್ಟೆಲ್ಲಾ ಇದ್ದೂ ನನ್ನ ಮಗ ಮೂರು ದಿನ ಅರೆಹೊಟ್ಟೆಯಲ್ಲಿದ್ದ. ಆ ಫೈಲಿನಲ್ಲಿ ‘ಸಾಕು’ ಅನ್ನುವ ಮಾತಿನ ಅರ್ಥ ಎಲ್ಲೂ ಇರಲಿಲ್ಲ.

ಹಾಗಾಗಿ 200 ಪುಟದ ನೋಟ್‌ಬುಕ್ ತಂದೆ. ಶಾಲೆಯಲ್ಲಿ ಪಾಠ ಟಿಪ್ಪಣಿ ಬರೆದ ಕೈ, ಬರೆಯುವುದೇನು ಕಷ್ಟ ಅಂದುಕೊಂಡೆ. ಏಳು ಗಂಟೆಗೆ ಚಹಾ, ಎಂಟಕ್ಕೆ ಸ್ನಾನ, ಒಂಬತ್ತಕ್ಕೆ ಗುಳಿಗೆ. ಎರಡು ಪುಟಕ್ಕೆ ಮುಗಿದುಹೋಯಿತು. ಓದಿ ನೋಡಿದರೆ ಅದು ಯಾರ ದಿನಚರಿಯಾದರೂ ಆಗಬಹುದಿತ್ತು. 30 ವರ್ಷ ಮಾಡಿದ ಕೆಲಸ ಕೈಗೆ ಗೊತ್ತಿರುತ್ತದೆ, ಬರೆಯಲು ಕೂತರೆ ನೆನಪಿಗೆ ಬರುವುದಿಲ್ಲ.

ಸೊಸೆ ಒಂದು ಉಪಾಯ ಹೇಳಿದಳು. ಒಂದು ಭಾನುವಾರ ಪೂರ್ತಿ ನನ್ನ ಹಿಂದೆಯೇ ತಿರುಗಿದಳು, ನೋಟ್‌ಬುಕ್ ಅವಳ ಕೈಯಲ್ಲಿ. ನಾನು ಏನು ಮಾಡಿದರೂ ಯಾಕೆ ಅಂತ ಕೇಳಬೇಕು, ಉತ್ತರ ಬರೆದುಕೊಳ್ಳಬೇಕು. ಮಿಕ್ಸರ್ ಹಚ್ಚುವ ಮೊದಲು ಅವನನ್ನು ಯಾಕೆ ಕರೆದಿರಿ? ಸದ್ದಿಗೆ ಬೆಚ್ಚಿಬೀಳುತ್ತಾನೆ, ಮೊದಲೇ ಹೇಳಿದರೆ ತಾನೇ ಅಂಗಳಕ್ಕೆ ಹೋಗಿ ನಿಲ್ಲುತ್ತಾನೆ. ಬಚ್ಚಲಿನ ಚಿಲಕ ಯಾಕೆ ತೆಗೆಸಿದ್ದೀರಿ? ಒಳಗೆ ಫಿಟ್ಸ್ ಬಂದರೆ ಬಾಗಿಲು ಒಡೆಯುವ ಹಾಗಾಗಬಾರದು. ಸಂಜೆಯೊಳಗೆ 11 ಪುಟ ತುಂಬಿತು. ಈ ಕೆಲಸ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ನೀವೊಬ್ಬರೇ ಕೂತು ಬರೆಯಬೇಡಿ. ಗೊತ್ತಿಲ್ಲದವರು ಕೇಳಬೇಕು.

ಫಿಟ್ಸ್‌ನ ಪುಟವನ್ನು ಬೇರೆ ಬರೆದು ಅಡಿಗೆಮನೆ ಕಪಾಟಿನ ಬಾಗಿಲಿಗೆ ಹಚ್ಚಿದ್ದೇವೆ. ಮಗ್ಗುಲಿಗೆ ಹೊರಳಿಸಿ. ಬಾಯಲ್ಲಿ ಏನೂ ತುರುಕಬೇಡಿ. ಕೈಗೆ ಚಾವಿ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು ಬೇಡ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ ದವಾಖಾನೆ. ಓಣಿಯ ಮಂದಿ ಮೊದಲು ಓಡಿ ಬರುವುದೇ ಚಾವಿ ಹಿಡಿದುಕೊಂಡು. ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೇವೆ.

ಮುಂದೆ ಅವನು ಎಲ್ಲಿರಬೇಕು ಅನ್ನುವುದನ್ನು ನಾನು ಎಂದೋ ತೀರ್ಮಾನ ಮಾಡಿಬಿಟ್ಟಿದ್ದೆ. ಹುಬ್ಬಳ್ಳಿಯಲ್ಲಿ, ಮಗಳ ಮನೆಯಲ್ಲಿ. ಅವಳೂ ಮನಸಾರೆ ಒಪ್ಪಿದ್ದಳು. ಅವನನ್ನು ಕೇಳಿರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಸೀಮಿತ ಪಾಲಕತ್ವ ಅಂತ ಒಂದಿದೆ. ಪಾಲಕರು ಆ ವ್ಯಕ್ತಿಯ ಜೊತೆ ಸೇರಿ, ಪರಸ್ಪರ ನಂಬಿಕೆಯಿಂದ ತೀರ್ಮಾನ ಮಾಡಬೇಕು ಅಂತ ಅದರ ಅರ್ಥ. ಅದನ್ನು ಓದಿ ನನಗೆ ನಾಚಿಕೆಯಾಯಿತು.

ಆದರೆ ಕೇಳುವುದು ಹೇಗೆ? ‘ಚಹಾ ಬೇಕೋ ಹಾಲು ಬೇಕೋ’ ಅಂದರೆ ಅವನು ‘ಹಾಲು’ ಅಂತಾನೆ. ‘ಹಾಲು ಬೇಕೋ ಚಹಾ ಬೇಕೋ’ ಅಂದರೆ ‘ಚಹಾ’. ಕೊನೆಗೆ ಕೇಳಿದ ಮಾತೇ ಅವನ ಉತ್ತರ. ಅದಕ್ಕೆ ಫೋಟೊ ತೆಗೆಸಿದೆವು. ಮಗಳ ಮನೆ, ನಮ್ಮ ಮನೆ, ಸಣ್ಣವನ ಮನೆ, ನಾವು ಹೋಗಿ ನೋಡಿ ಬಂದಿದ್ದ ಒಂದು ವಸತಿ ಕೇಂದ್ರ. ಮಂಚದ ಮೇಲೆ ಹರವಿ ‘ಎಲ್ಲಿ ಮಲಗ್ತೀ?’ ಅಂತ ಕೇಳುವುದು. ಪ್ರತಿ ಸಲ ಫೋಟೊಗಳ ಜಾಗ ಬದಲಿಸುವುದು. ಒಂದು ತಿಂಗಳು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆಯವರು ಕೇಳಿದೆವು. ಅವನು ಪ್ರತಿ ಸಲ ನಮ್ಮ ಮನೆಯ ಫೋಟೊವನ್ನೇ ಎತ್ತಿಕೊಂಡ. ಒಂದು ದಿನ ಅದನ್ನು ಅಂಗಿ ಜೇಬಿಗೆ ಹಾಕಿಕೊಂಡು ಹೋಗಿಬಿಟ್ಟ.

ಹೋಗಿದ್ದು ಪಕ್ಕದ ಮನೆಗೆ. ಅಲ್ಲಿ ಖಣ (ಕುಪ್ಪಸದ ಬಟ್ಟೆ) ನೇಯುವ ಕೈಮಗ್ಗ ಇದೆ. 12 ವರ್ಷದಿಂದ ದಿನಾ ಮಧ್ಯಾಹ್ನ ಅಲ್ಲಿ ಕೂತು ಕಂಡಿಕೆ (ಮಗ್ಗದ ಲಾಳಿಗೆ ಹಾಕುವ ನೂಲಿನ ಸುರುಳಿ) ಸುತ್ತುತ್ತಾನೆ. ರಾಟಿ ತಿರುಗಿಸುವಾಗ ಅವನ ನಾಲಿಗೆ ತುದಿ ತುಟಿಯ ಹೊರಗೆ ಬಂದಿರುತ್ತದೆ, ಕಣ್ಣು ನೂಲಿನ ಮೇಲೆ. ದಾರ ಕಡಿದರೆ ಥಟ್ಟನೆ ನಿಲ್ಲಿಸುತ್ತಾನೆ. ಗಂಟು ಹಾಕಲು ಬರುವುದಿಲ್ಲ, ‘ಕಾಕಾ’ ಅಂತ ಕೂಗುತ್ತಾನೆ. ಸಂತೆ ದಿನ ನೇಕಾರ ಕಾಕಾ ಕೊಡುವ ದುಡ್ಡಿನಲ್ಲಿ ಮಿರ್ಚಿ ಭಜಿ ತಾನೇ ಕೊಳ್ಳುತ್ತಾನೆ. ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಇದು ಯಾವುದೂ ಇಲ್ಲ. ನಾನು ಅವನಿಗೆ ಮಲಗಲು ಜಾಗ ಹುಡುಕಿದ್ದೆ, ಅವನ ಮಧ್ಯಾಹ್ನಗಳನ್ನು ಮರೆತಿದ್ದೆ.

ಯೋಜನೆ ಪೂರ್ತಿ ಬದಲಾಯಿತು. ಅವನು ಇದೇ ಮನೆಯಲ್ಲಿ ಇರುತ್ತಾನೆ, ಉಳಿದವರು ಅವನ ಸುತ್ತ ಹೊಂದಿಕೊಳ್ಳಬೇಕು. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಬಾರದು ಅನ್ನುವುದರಲ್ಲಿ ನಾನು ಗಟ್ಟಿ. ನಮ್ಮ ಕಡೆ ಸಾಮಾನ್ಯವಾಗಿ ಅದು ಒಬ್ಬ ಸೊಸೆಯ ತಲೆಗೇ ಬರುತ್ತದೆ. ಬ್ಯಾಂಕು, ಹೊಲದ ಲಾವಣಿ (ಗೇಣಿ) ಸಣ್ಣವನಿಗೆ. ದವಾಖಾನೆ, ಗುಳಿಗೆ, ವಿಮೆ ಮಗಳಿಗೆ. ಮಧ್ಯಾಹ್ನ ನೇಕಾರ ಕಾಕಾನ ಮನೆ. ಅಡಿಗೆಗೆ, ರಾತ್ರಿ ಜೊತೆಗಿರಲು ಓಣಿಯ ಅಕ್ಕ ಒಬ್ಬರು ಒಪ್ಪಿದ್ದಾರೆ, ಅವರಿಗೆ ಸಂಬಳ ಕೊಡುತ್ತೇವೆ. ಪಿಂಚಣಿ ಇರುವುದೇ ಅದಕ್ಕೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಕರೆದುಕೊಂಡು ಹೋಗುವುದು, ಗುಡಿ ಮುಂದೆ ರೊಟ್ಟಿ ಮೊಸರು ತಿನ್ನಿಸುವುದು ಮೊಮ್ಮಗನ ಪಾಲಿಗೆ. ಜಾತ್ರೆ ಮುಗಿದ ವಾರ ಎಲ್ಲರೂ ಕೂತು ನೋಟ್‌ಬುಕ್ ತಿದ್ದುತ್ತೇವೆ. ಅವನೂ ಕೂತಿರುತ್ತಾನೆ.

ಈಗ ನಾನು ಬೇಕಂತಲೇ ಊರು ಬಿಡುತ್ತೇನೆ. ಮೊದಲು ಎರಡು ದಿನ, ಆಮೇಲೆ ಐದು. ಈ ವರ್ಷ ಹತ್ತು ದಿನ ತವರಿಗೆ, ಇಳಕಲ್ಲಿಗೆ ಹೋಗಿದ್ದೆ. ಫಿಟ್ಸ್ ಬಂದರೆ ಮಾತ್ರ ಫೋನು ಅಂತ ಮಾತಾಗಿತ್ತು. ಫೋನು ಬರಲಿಲ್ಲ. ಮೊದಲ ನಾಲ್ಕು ದಿನ ನಾನೇ ಫೋನು ಹಿಡಿದುಕೊಂಡು ಕೂತಿದ್ದೆ.

ಬಂದು ನೋಟ್‌ಬುಕ್ ತೆರೆದೆ. ಹೊಸ ಪುಟ ಇತ್ತು, ಸೊಸೆಯ ಅಕ್ಷರದಲ್ಲಿ. “ಎಡಗಿವಿ ಎಳೆದುಕೊಳ್ಳುತ್ತಿದ್ದರೆ ಕಿವಿನೋವಲ್ಲ, ಹಲ್ಲುನೋವು. ಬಲಗಡೆ ಮಾತ್ರ ಅಗಿಯುತ್ತಾರೆಯೇ ನೋಡಿ. ಬಾಯಿ ತೆರೆಯಲು ಕನ್ನಡಿ ಕೈಗೆ ಕೊಡಿ.” ಇದು ನನಗೇ ಗೊತ್ತಿರಲಿಲ್ಲ. ಎಷ್ಟು ಸಲ ಕಿವಿಗೆ ಎಣ್ಣೆ ಬಿಟ್ಟಿದ್ದೇನೋ. ಆ ಪುಟವನ್ನು ಎರಡು ಸಲ ಓದಿದೆ. ಅವನನ್ನು ಕೂಗಿದೆ, ಇರಲಿಲ್ಲ. ಪಕ್ಕದ ಮನೆಯಿಂದ ರಾಟಿಯ ಸದ್ದು ಬರುತ್ತಿತ್ತು.