ಮಳೆಗಾಲದ ಕ್ಲಾಸಿನಲ್ಲಿ ಆಟಿಸಂ ಇರುವ ಮಗು: ಮೇಷ್ಟ್ರು, ಮೇಡಂಗಳು ಏನು ಮಾಡಬಹುದು?

ಜೂನ್ ಬಂತು ಅಂದ್ರೆ ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆ ಪಾಠಕ್ಕಿಂತ ಮಳೆ ಸದ್ದೇ ಜಾಸ್ತಿ. ತಗಡಿನ ಶೀಟಿನ ಮಾಡಾದರೆ ಕೇಳಲೇಬೇಡಿ. ನಮಗೆ ಅಭ್ಯಾಸ ಆಗಿದೆ. ಆದರೆ ಆಟಿಸಂ (ಮಿದುಳಿನ ಬೆಳವಣಿಗೆಯಲ್ಲಿನ ಒಂದು ಭಿನ್ನತೆ) ಇರುವ ಎಷ್ಟೋ ಮಕ್ಕಳಿಗೆ ಆ ಸದ್ದನ್ನು ಬದಿಗಿಟ್ಟು ಮೇಷ್ಟ್ರ ಮಾತನ್ನಷ್ಟೇ ಹಿಡಿಯುವುದು ಬಹಳ ಕಷ್ಟ, ಅದರ ಜೊತೆಗೆ ಒದ್ದೆ ಸಾಕ್ಸು, ರೇನ್‌ಕೋಟಿನ ವಾಸನೆ, ಮಿಣಮಿಣ ಅನ್ನುವ ಟ್ಯೂಬ್‌ಲೈಟು ಎಲ್ಲ ಒಟ್ಟಿಗೆ ಮೈಮೇಲೆ ಬರುತ್ತವೆ. ಮಗು ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಕೂತರೆ ಅದು ಹಟ ಅಲ್ಲ.

ಹಾಗಾಗಿ ಮೊದಲು ಜಾಗ ನೋಡಿ. ಹಂಚಿನ ಕೋಣೆ ಇದ್ದರೆ ಆ ತರಗತಿಯನ್ನು ಅಲ್ಲಿಗೆ ಹಾಕಿ. ಮಗುವನ್ನು ಬಾಗಿಲು, ಕಿಟಕಿಯಿಂದ ದೂರ, ಗೋಡೆ ಬದಿ ಕೂರಿಸಿ. ಒಂದು ಜೊತೆ ಒಣ ಸಾಕ್ಸು ಬ್ಯಾಗಿನಲ್ಲಿರಲಿ ಅಂತ ಮನೆಯವರಿಗೆ ಹೇಳಿ. ತಡೆಯಲಾಗದಾಗ ಎದ್ದು ಹೋಗಲು ಒಂದು ಮೂಲೆ ಬೇಕು, ಲೈಬ್ರರಿ ಕಪಾಟಿನ ಹಿಂದಿನ ಜಾಗವಾದರೂ ಸಾಕು. ಆದರೆ ಅದನ್ನು ಶಿಕ್ಷೆಯ ಮೂಲೆ ಮಾಡಬೇಡಿ.

ಎರಡನೆಯದು, ದಿನದ ಕ್ರಮ. ಪ್ರಾರ್ಥನೆ, ಕನ್ನಡ, ಗಣಿತ, ಬಿಸಿಯೂಟ, ಆಟ: ಒಂದೊಂದಕ್ಕೂ ಒಂದು ಚಿತ್ರ ಬರೆದು ಸಾಲಾಗಿ ಅಂಟಿಸಿ, ಮುಗಿದದ್ದನ್ನು ತೆಗೆಯುತ್ತಾ ಹೋಗಿ. ನಮ್ಮ ಕಡೆ ಇನ್ನೂ ಎರಡು ಚಿತ್ರ ಬೇಕು, 'ಮಳೆ ರಜೆ' ಮತ್ತು 'ಕರೆಂಟ್ ಇಲ್ಲ'. ಡಿಸಿ ರಜೆ ಘೋಷಿಸುವುದು ಬೆಳಿಗ್ಗೆ, ಅಷ್ಟು ಹೊತ್ತಿಗೆ ಈ ಮಗು ಯೂನಿಫಾರ್ಮ್ ಹಾಕಿ ಕೂತಿರುತ್ತೆ! ರಜೆಯ ಚಿತ್ರದ ಒಂದು ಪ್ರತಿ ಮನೆಯಲ್ಲೂ ಇದ್ದರೆ ತೋರಿಸಿ ಹೇಳಬಹುದು.

ಮಾತು ಚಿಕ್ಕದಿರಲಿ. 'ಪುಸ್ತಕ ತೆಗೆದು, ನಲವತ್ತನೇ ಪುಟ ನೋಡಿ, ಮೂರನೇ ಪ್ರಶ್ನೆ ಬರಿ' ಅಂದರೆ ಅದು ಮೂರು ಕೆಲಸ. ಒಂದೊಂದಾಗಿ ಹೇಳಿ, ಸ್ವಲ್ಪ ಕಾಯಿರಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಒತ್ತಾಯ ಬೇಡ, ನೋಡದೆಯೂ ಕೇಳಿಸಿಕೊಳ್ಳುತ್ತಾರೆ. ಊಟದಲ್ಲಿ ಅನ್ನ ಸಾರು ಕಲಸಿದ್ದನ್ನು ಮುಟ್ಟದ ಮಗು ಬೇರೆ ಬೇರೆ ಬಡಿಸಿದರೆ ತಿನ್ನಬಹುದು, ಸುಮ್ನೆ ಬೈಯುವ ಮೊದಲು ಅದನ್ನೊಮ್ಮೆ ಮಾಡಿ ನೋಡಿ.

ಶ್ರವಣ ಸಾಧನ ಹಾಕುವ ಮಕ್ಕಳಿಗೂ ಈ ಮಳೆ ಕಷ್ಟವೇ, ಯಂತ್ರ ಮಳೆ ಸದ್ದನ್ನೂ ಜೋರು ಮಾಡುತ್ತದೆ. ಮುಖ ಕಾಣುವ ಹಾಗೆ ನಿಂತು ಮಾತಾಡಿ, ಬೋರ್ಡಿನ ಕಡೆ ತಿರುಗಿ ಅಲ್ಲ. ಥಂಡಿಗೆ ಯಂತ್ರ ಹಾಳಾಗದಂತೆ ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಲಿ. ವೀಲ್‌ಚೇರ್ ಅಥವಾ ಊರುಗೋಲು ಇದ್ದರೆ ಕ್ಲಾಸ್ ಕೆಳಮಹಡಿಗೆ ಬರಲಿ. ಪಾಚಿ ಕಟ್ಟಿದ ಮೆಟ್ಟಿಲು ಯಾರಿಗೂ ಒಳ್ಳೆಯದಲ್ಲ, ಅಲ್ವಾ?

ಕಾಲೇಜಿನವರಿಗೆ: ನೋಟ್ಸ್ ಮೊದಲೇ ಕೊಡಿ. ಸೆಮಿನಾರನ್ನು ಎಲ್ಲರ ಮುಂದೆ ಮಾಡಲಾಗದ ಹುಡುಗಿ ನಿಮ್ಮೊಬ್ಬರ ಮುಂದೆ ಮಾಡಲಿ, ಅದಕ್ಕಾಗಿ ಅಂಕ ಕಡಿಮೆ ಮಾಡಬೇಡಿ. ಇದು ದಯೆಯ ಮಾತಲ್ಲ, ಹಕ್ಕಿನ ಮಾತು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧದ ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 40 ಅಥವಾ ಹೆಚ್ಚಿನ ವೈಕಲ್ಯ ಇರುವವರಿಗೆ ಕನಿಷ್ಠ ಶೇ. 5 ಸೀಟು ಮೀಸಲು.

ಇನ್ನು ಕಾಗದಪತ್ರ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ತಪಾಸಣೆಗೆ ನಮ್ಮ ಕಡೆಯವರು ಸಾಮಾನ್ಯವಾಗಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುತ್ತಾರೆ. ದಾರಿ ಗೊತ್ತಿಲ್ಲದಿದ್ದರೆ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ ಶಿಕ್ಷಕರು, ಯಾರು ಅಂತ ಕೇಳಿ. ಆದರೆ ಕ್ಲಾಸಿನಲ್ಲಿ ಮಾಡಿ ಅಂತ ಮೇಲೆ ಹೇಳಿದ ಯಾವುದಕ್ಕೂ ಕಾರ್ಡ್ ಬರುವವರೆಗೆ ಕಾಯಬೇಕಿಲ್ಲ. ಕಾರ್ಡ್ ಮುಖ್ಯವಾಗಿ ಬೇಕಾಗುವುದು ಮೀಸಲು ಸೀಟಿಗೆ ಮತ್ತು ಪರೀಕ್ಷೆಗೆ. ಪರೀಕ್ಷೆಯಲ್ಲಿ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು, ಅಗತ್ಯ ಇದ್ದರೆ ಬರೆಯಲು ಸಹಾಯಕರು. ಎಸ್ಸೆಸ್ಸೆಲ್ಸಿಯಾದರೆ ನೋಂದಣಿ ಹೊತ್ತಿಗೇ ಈ ಅನುಕೂಲ ಬೇಕು ಅಂತ ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ಕೊಡಿ, ಸಹಿ ಹಾಕಿಸಿದ ಪ್ರತಿಯ ಫೋಟೋ ತೆಗೆದಿಟ್ಟುಕೊಳ್ಳಿ.